ಅವ್ವ ಹಾಕಿದ ಉಪ್ಪು

ಬಸ್ಸು ಶಹಾಪುರ ಬಿಟ್ಟು ಜೇವರ್ಗಿಯ ದಾರಿ ಹಿಡಿದಾಗ ನನ್ನ ತೊಡೆಯ ಮೇಲಿದ್ದ ಕೈಚೀಲದಲ್ಲಿ ಒಂದು ರೊಟ್ಟಿಯ ಗಂಟಿತ್ತು, ಒಂದು ಬಾಟಲಿಯಿತ್ತು. ಬಾಟಲಿಯೊಳಗೆ ನಮ್ಮವ್ವನ ಎದೆಯಿಂದ ಕತ್ತರಿಸಿ ತೆಗೆದ ಒಂದು ಚೂರು ಇತ್ತು. ರೊಟ್ಟಿಯ ಗಂಟು ಬಾಟಲಿಗೆ ತಾಗದ ಹಾಗೆ ನಡುವೆ ಹಳೆಯ ಸೀರೆಯ ತುಂಡು ತುರುಕಿದ್ದೆ. ತಾಗಿದರೆ ಏನಾಗುತ್ತಿತ್ತು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಕಾಳಜಿ ಮಾಡುವುದು ನನಗೆ ಹುಟ್ಟುಗುಣ. ಮೋಡ ಕವಿದರೆ ಮಳೆಯ ಕಾಳಜಿ, ಕವಿಯದಿದ್ದರೆ ಬಿಸಿಲಿನ ಕಾಳಜಿ.

ಆಗ ನಾನು ಶಹಾಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಮ್ಮದು ಕುರಿ ಸಾಕುವ ಮನೆತನ. ಕೆನಾಲು ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಎರೆಹೊಲಗಳೆಲ್ಲ ಭತ್ತದ ಗದ್ದೆಯಾಗಿ, ಕುರಿ ಮೇಯುವ ಬೀಳು ಕಡಿಮೆಯಾಗಿತ್ತು. ಅಪ್ಪ ತೀರಿಕೊಂಡಿದ್ದ. ಅಣ್ಣ ಹಿಂಡನ್ನು ಸುರಪುರದ ಗುಡ್ಡಗಳ ಕಡೆ ಹೊಡೆದುಕೊಂಡು ಹೋಗುತ್ತಿದ್ದ. ಅವ್ವ ಗೋಗಿ ದಾರಿಯ ನಮ್ಮ ಊರಿನಲ್ಲಿ ಮರಿಗಳನ್ನು ನೋಡಿಕೊಂಡು ಇರುತ್ತಿದ್ದಳು. ಅವಳ ಎದೆಯ ಗಂಟು ನನ್ನ ಕೈಗೆ ಹತ್ತಿದ್ದು ಹಬ್ಬದ ದಿನ ಎಣ್ಣೆ ಹಚ್ಚಿ ನೀರು ಹಾಕುವಾಗ. ಅಷ್ಟರಲ್ಲಿ ಅದು ನೆಲ್ಲಿಕಾಯಿಯಷ್ಟು ಆಗಿತ್ತು. ಯಾವಾಗಿನಿಂದ ಎಂದು ಕೇಳಿದರೆ, ಟಗರು ಗುದ್ದಿದ ಬಾವು, ತಾನೇ ಇಳಿಯುತ್ತದೆ ಎಂದಳು. ಯಾವ ಟಗರು ಎಂದೆ. ಹೋದ ವರ್ಷ ಮಾರಿದ ಟಗರು ಎಂದಳು. ಟಗರು ಸಂತೆಗೆ ಹೋಗಿ ವರ್ಷವಾದರೂ ಬಾವು ಮಾತ್ರ ಅವಳ ಹತ್ತಿರವೇ ಉಳಿದಿತ್ತು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆ ಬಂತು.

ಯಾದಗಿರಿಯ ಡಾಕ್ಟರಮ್ಮ ಮುಟ್ಟಿ ನೋಡಿದರು. ಒಂದು ಚೂರು ತೆಗೆದು ಗುಲ್ಬರ್ಗಾದಲ್ಲಿ ಪರೀಕ್ಷೆ ಮಾಡಿಸಬೇಕು, ಅಲ್ಲಿ ಜೀವಕೋಶ ನೋಡಿ ಹೇಳುತ್ತಾರೆ, ಚೂರನ್ನು ನೀವೇ ಒಯ್ಯಬೇಕು ಎಂದರು. ಶನಿವಾರ ಮಧ್ಯಾಹ್ನ ತೆಗೆದರು. ಘಾಟು ವಾಸನೆಯ ಔಷಧಿ ನೀರಿನಲ್ಲಿ ಅದನ್ನು ಮುಳುಗಿಸಿ, ಮುಚ್ಚಳ ಬಿಗಿದು, ಈ ನೀರಿನಲ್ಲಿದ್ದರೆ ಅದು ಕೆಡುವುದಿಲ್ಲ ಎಂದು ನನಗೆ ಹೇಳಿದರು. ಅವ್ವ ಆಗ ಒಳಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದಳು. ಅವಳಿಗೂ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಭಾನುವಾರ ಪರೀಕ್ಷೆ ಮಾಡುವಲ್ಲಿ ರಜೆ. ಬಾಟಲಿ ಎರಡು ರಾತ್ರಿ ನಮ್ಮ ಮನೆಯ ಗೂಡಿನಲ್ಲಿ, ಹಣತೆಯ ಪಕ್ಕದಲ್ಲಿ ಕೂತಿತು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಅದೇ ಶನಿವಾರ ಬೆಳಿಗ್ಗೆ, ಯಾದಗಿರಿಯ ಬಸ್ಸು ಹಿಡಿಯುವ ಮೊದಲು, ನಾನು ಶಾಲೆಯಲ್ಲಿ ಜೀವಕೋಶದ ಪಾಠ ಮಾಡಿದ್ದೆ. ಶಾಲೆಗೆ ಇದ್ದದ್ದು ಒಂದೇ ಸೂಕ್ಷ್ಮದರ್ಶಕ. ಅದರ ಕನ್ನಡಿಯನ್ನು ಕಿಟಕಿಯ ಬಿಸಿಲಿಗೆ ತಿರುಗಿಸಿ, ಉಳ್ಳಾಗಡ್ಡಿಯ ತೆಳ್ಳನೆಯ ಒಳಸಿಪ್ಪೆ ಸುಲಿದು, ಕೆಂಪು ಮಸಿಯ ಒಂದು ಹನಿ ಬಿಟ್ಟು ಮಕ್ಕಳಿಗೆ ತೋರಿಸಿದೆ. ಇಟ್ಟಂಗಿ ಗೋಡೆ ಕಂಡ ಹಾಗೆ ಕಾಣುತ್ತದೆ ಎಂದರು. ಒಂದೊಂದು ಇಟ್ಟಂಗಿಯೂ ಒಂದು ಕೋಶ, ಅದರ ಸುತ್ತ ಇರುವುದು ಕೋಶಭಿತ್ತಿ, ಒಳಗೆ ಕಪ್ಪಗೆ ಕಾಣುವ ಬೊಟ್ಟು ಕೋಶಕೇಂದ್ರ ಎಂದೆ. ಭಿತ್ತಿಯ ಒಳಮೈಗೆ ಅಂಟಿಕೊಂಡು ಕಣ್ಣಿಗೆ ಕಾಣದ ಒಂದು ಪೊರೆ ಇದೆ, ಏನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು ಎಂದು ತಡೆದು ಬಿಡುವುದು ಅದೇ ಎಂದೆ. ಕಾಣದ ಪೊರೆಯನ್ನು ನಂಬುವುದು ಹೇಗೆ ಎಂದು ಒಬ್ಬಳು ಕೇಳಿದಳು. ನಾನು ಉಪ್ಪು ನೀರು ಹಾಕಿದೆ. ನೋಡುತ್ತಿದ್ದಂತೆ ಒಳಗಿನದೆಲ್ಲ ಮುದುಡಿ ಗೋಡೆ ಬಿಟ್ಟು ನಡುವೆ ಸೇರಿತು. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ, ಇಲ್ಲಿ ಉಪ್ಪೇ ಕೋಶದ ನೀರು ಕುಡಿಯಿತು ಎಂದು ನಗಿಸಿದೆ. ಸಾದಾ ನೀರು ಹಾಕಿದಾಗ ಅದು ಮತ್ತೆ ತುಂಬಿಕೊಂಡಿತು. ಪಾಠ ಚೆನ್ನಾಗಿ ಆಯಿತೆಂದು ಖುಷಿಯಲ್ಲೇ ಬಸ್ಸು ಹತ್ತಿದ್ದೆ.

ಸೋಮವಾರ, ಗುಲ್ಬರ್ಗಾದ ಬಸ್ಸಿನಲ್ಲಿ, ಬಾಟಲಿಯ ಮೇಲೆ ಅಂಟಿಸಿದ ಹೆಸರಿನ ಚೀಟಿ ಕಿತ್ತಿದೆಯೇನೋ ಎಂದು ಕಾಳಜಿಯಾಗಿ ಅದನ್ನು ಹೊರಗೆ ತೆಗೆದೆ. ಚೀಟಿ ಗಟ್ಟಿಯಾಗಿಯೇ ಇತ್ತು. ಆದರೆ ಶನಿವಾರ ತಿಳಿಯಾಗಿದ್ದ ನೀರು ಈಗ ಹಳದಿಯಾಗಿತ್ತು. ತಳದಲ್ಲಿ ಕರಗದ ಹರಳು ಕೂತಿದ್ದವು. ಪಕ್ಕದಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದ ಅವ್ವನ ಮುಖ ನೋಡಿದೆ. ಏನು ಮಾಡಿದೆ ಎಂದು ಕೇಳಿದೆ.

"ಉಪ್ಪು ಅರಿಷಿಣ ಹಾಕೀನಿ," ಅಂದಳು ಅವ್ವ. "ನಿನ್ನಿ ಮುಂಜಾನೆ. ಇಂಥಾ ಬಿಸಲಾಗ ಮಾಂಸ ಎರಡು ದಿನ ಇರ್ತದೇನು? ಕೆಟ್ಟ ಹೋದರ ಅವರು ಏನ ನೋಡ್ಯಾರು?"

ನಮ್ಮ ಮನೆಯಲ್ಲಿ ಕುರಿ ಕೊಯ್ದ ದಿನ ತಿಂದು ಉಳಿದದ್ದಕ್ಕೆ ಉಪ್ಪು ಅರಿಶಿನ ಸವರಿ, ಹಗ್ಗಕ್ಕೆ ಪೋಣಿಸಿ ಒಣಹಾಕುವುದು ರೂಢಿ. ಹಾಗೆ ಮಾಡಿದ ಮಾಂಸ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಿಂಡಿನ ಹಿಂದೆ ಊರೂರು ತಿರುಗುವವರ ಬುತ್ತಿಯೇ ಅದು. ಅವ್ವನಿಗೆ ಅದು ಉಸಿರಾಟದಷ್ಟು ಸಹಜವಾದ ಕೆಲಸ. ತನ್ನ ಮೈಯ ಚೂರಿಗೂ ಅದನ್ನೇ ಮಾಡಿದ್ದಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಅವತ್ತು ಎರಡೂ ಸೇರಿ ನನ್ನನ್ನು ಅಳುವ ಹಾಗೆ ಮಾಡಿದ್ದವು.

ಬೈದೆ. ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಬೈದೆ. ಆಮೇಲೆ ಬೈಯಲು ಉಸಿರಿಲ್ಲದೆ ಲೆಕ್ಕ ಹಾಕತೊಡಗಿದೆ. ಉಳ್ಳಾಗಡ್ಡಿಗಾದರೆ ಭಿತ್ತಿ ಇದೆ, ಒಳಗಿನದು ಮುದುಡಿದರೂ ಹೊರಗಿನ ಆಕಾರ ನಿಲ್ಲುತ್ತದೆ. ನಮ್ಮ ಕೋಶಗಳಿಗೆ ಭಿತ್ತಿ ಇಲ್ಲ, ಪೊರೆ ಮಾತ್ರ. ಉಪ್ಪು ನೀರು ಎಳೆದರೆ ಇಡೀ ಕೋಶವೇ ಸುಕ್ಕಾಗುತ್ತದೆ. ಕೋಶ ಚಿಕ್ಕದಾದರೆ ಅದರೊಳಗಿನ ಕೇಂದ್ರ ದೊಡ್ಡದಾಗಿ, ಕಪ್ಪಾಗಿ ಕಾಣುತ್ತದೆ. ಕೆಟ್ಟ ಗಡ್ಡೆಯ ಗುರುತು ಎಂದು ನಾನು ಓದಿದ್ದೂ ಅದನ್ನೇ: ಕೇಂದ್ರ ದೊಡ್ಡದು, ಕಪ್ಪು. ಅಂದರೆ ಒಳ್ಳೆಯ ಕೋಶವೂ ಉಪ್ಪಿನಿಂದ ಕೆಟ್ಟದ್ದಾಗಿ ಕಾಣಬಹುದು. ಅವರು ತಪ್ಪು ತಿಳಿದು ಅವ್ವನ ಎದೆ ಕತ್ತರಿಸಿಬಿಡಬಹುದು. ಅಥವಾ ಏನೂ ತಿಳಿಯದೆ ಇನ್ನೊಂದು ಚೂರು ತನ್ನಿ ಎನ್ನಬಹುದು. ಪಟ್ಟಿಯ ಕೆಳಗಿನ ಗಾಯ ಇನ್ನೂ ಹಸಿಯಿತ್ತು.

ಅವ್ವ, ಆ ಚೂರಿನಲ್ಲಿ ಅವರು ನೋಡುವುದಾದರೂ ಏನು ಎಂದು ಕೇಳಿದಳು. ನನಗೆ ಹೇಳುವ ಮನಸ್ಸಿರಲಿಲ್ಲ, ಆದರೆ ಕಲಿಸುವುದು ಚಟವಾಗಿಬಿಟ್ಟಿರುತ್ತದೆ. ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಕುರಿಹಟ್ಟಿಗಳಿಂದ ಆಗಿದೆ ಎಂದು ತಿಳಿ ಎಂದೆ. ಒಂದೊಂದು ಹಟ್ಟಿಗೂ ಒಂದು ಬೇಲಿ ಇರುತ್ತದೆ. ಅದು ಬೇಕಾದ್ದನ್ನು ಒಳಗೆ ಬಿಟ್ಟು, ಬೇಡದ್ದನ್ನು ಹೊರಗೆ ಹಾಕುತ್ತದೆ. ಒಳಗೆ ತಿಂದದ್ದನ್ನು ಸುಟ್ಟು ಬಲ ಕೊಡುವ ಒಲೆಗಳೂ ಇವೆ. ನಡುವೆ ಕಾಯುವವನು ಒಬ್ಬ ಇರುತ್ತಾನೆ. ಯಾವ ಕೆಲಸ ಯಾವಾಗ ಆಗಬೇಕು, ಒಂದು ಹಟ್ಟಿ ಎರಡಾಗುವುದು ಯಾವಾಗ ಎಂಬುದೆಲ್ಲ ಅವನ ಮಾತಿನ ಮೇಲೆ. ಅವರು ನೋಡುವುದು ಅವನನ್ನೇ ಎಂದೆ.

ಬಸ್ಸು ಭೀಮಾ ನದಿಯ ಸೇತುವೆಯ ಮೇಲಿತ್ತು. ಅವ್ವ ಹೊಳೆಗೆ ಕೈಮುಗಿದಳು. ಮುಗಿದ ಕೈ ಇಳಿಸದೆ ಅಂದಳು:

"ಹಂಗಾರ ಕೆಡೂದು ಕುರಿಯಲ್ಲ. ಕಾಯಾಂವ."

ಹೌದು ಎಂದೆ. ಗುಲ್ಬರ್ಗಾ ಬರುವವರೆಗೂ ಅವಳು ಮುಟ್ಟದೆ ಬಿಟ್ಟ ರೊಟ್ಟಿಯ ಗಂಟನ್ನು ನೋಡಿದಾಗ, ಅವಳಿಗೆ ಅಷ್ಟು ಬಿಡಿಸಿ ಹೇಳಬಾರದಿತ್ತೇನೋ ಅನ್ನಿಸಿತು.

ಪರೀಕ್ಷೆ ಮಾಡುವಲ್ಲಿ ಬಾಟಲಿ ತೆಗೆದುಕೊಳ್ಳುವ ಕಿಟಕಿಯಲ್ಲಿ ನಿಂತಾಗ ನನ್ನೊಳಗೆ ಎರಡು ಮನಸ್ಸಾಯಿತು. ಉಪ್ಪಿನ ವಿಷಯ ಹೇಳಿದರೆ ವಾಪಸು ಕಳಿಸಬಹುದು. ಹೇಳದಿದ್ದರೆ ತಪ್ಪು ಓದಬಹುದು. ಹೇಳಿದೆ. ಕಿಟಕಿಯಾಚೆ ಇದ್ದವನು ಬಾಟಲಿಯನ್ನು ಬೆಳಕಿಗೆ ಹಿಡಿದು, ಇದೇನ್ರೀ, ಸಾರು ಮಾಡೀರೇನು ಎಂದ. ನಗು ಬರುವ ಹೊತ್ತಲ್ಲ. ಡಾಕ್ಟರಿಗೆ ಹೇಳುತ್ತೇನೆ, ಮುಂದಿನ ವಾರ ಬರ್ರಿ ಎಂದು ಅದನ್ನು ಒಳಗೆ ಇಟ್ಟ.

ಆ ವಾರ ಹೇಗೆ ಕಳೆಯಿತೆಂದು ನನ್ನನ್ನು ಕೇಳಬಾರದು. ಅವ್ವ ಮಾತ್ರ ಊರಿಗೆ ಹೋಗಿ ಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ನಾನು ಶಾಲೆಯಲ್ಲಿ ಕೋಶದ ಪಾಠ ಮುಂದುವರಿಸಬೇಕಾಗಿತ್ತು. ಮೈಟೋಕಾಂಡ್ರಿಯ, ರಸದಾನಿ, ಕ್ಲೋರೋಪ್ಲಾಸ್ಟ್ ಎಂದು ಹಲಗೆಯ ಮೇಲೆ ಬರೆಯುತ್ತ ಹೋದೆ. ಕೋಶಕೇಂದ್ರದ ಹತ್ತಿರ ಬಂದಾಗ ಬಳಪ ನಿಲ್ಲುತ್ತಿತ್ತು. ದುಂಡಗಿನ ಕೋಶ ಬರೆದು ನಡುವೆ ಬೊಟ್ಟು ಇಡಬೇಕು. ಎಷ್ಟು ದೊಡ್ಡ ಬೊಟ್ಟು ಇಟ್ಟರೂ ದೊಡ್ಡದಾಯಿತೇನೋ ಎಂದು ಅಳಿಸಿ ಸಣ್ಣದು ಮಾಡುತ್ತಿದ್ದೆ. ಟೀಚರಿಗೆ ಏನೋ ಆಗಿದೆ ಎಂದು ಮಕ್ಕಳು ಮಾತಾಡಿಕೊಂಡವು.

ಒಂದು ದಿನ ಶಾಲೆ ಬಿಟ್ಟ ಮೇಲೆ ಒಬ್ಬಳೇ ಕೂತು, ಕಡ್ಡಿಯ ತುದಿಯಿಂದ ನನ್ನ ಕೆನ್ನೆಯ ಒಳಭಾಗ ಕೆರೆದು ಗಾಜಿನ ಮೇಲಿಟ್ಟೆ. ಕೆನ್ನೆಯ ಕೋಶಗಳು ಚಪ್ಪಟೆಯಾಗಿ, ಮೂಲೆಮೂಲೆಯಾಗಿ ಕಂಡವು. ಪ್ರತಿಯೊಂದರಲ್ಲೂ ಸಣ್ಣದೊಂದು ಬೊಟ್ಟು. ಆಮೇಲೆ ಇನ್ನೊಂದು ಗಾಜಿನ ಮೇಲೆ ಅದನ್ನೇ ಉಪ್ಪು ನೀರಿನಲ್ಲಿಟ್ಟು ನೋಡಿದೆ. ಅಂಚು ಮಡಿಕೆ ಬಿದ್ದ ಹಾಗೆ ಕಂಡಿತು, ಬೊಟ್ಟು ಮೊದಲಿಗಿಂತ ದೊಡ್ಡದು ಅನ್ನಿಸಿತು. ನಿಜವಾಗಿ ಹಾಗಿತ್ತೋ, ಹಾಗೆ ಕಾಣಲಿ ಎಂದು ನನ್ನ ಕಣ್ಣು ಬಯಸಿತೋ ಗೊತ್ತಿಲ್ಲ. ಆದರೆ ಅವತ್ತು ನನಗೆ ಮೊದಲ ಸಲ ಧೈರ್ಯ ಬಂತು. ಕೆಟ್ಟ ಸುದ್ದಿ ಬಂದರೂ ಅದನ್ನು ನಂಬಬೇಕಾಗಿಲ್ಲ, ಉಪ್ಪಿನಿಂದ ಹಾಗೆ ಕಂಡಿದೆ ಎನ್ನಬಹುದು. ಬಸ್ಸಿನಲ್ಲಿ ಬೈದ ಉಪ್ಪನ್ನೇ ಈಗ ಮನಸ್ಸಿನಲ್ಲಿ ಹಿಡಿದುಕೊಂಡೆ. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ.

ಮುಂದಿನ ವಾರ ನಾನೊಬ್ಬಳೇ ಹೋಗಿ ಬರುತ್ತೇನೆ ಎಂದೆ. ಅವ್ವ ಕೇಳಲಿಲ್ಲ. ತನ್ನ ಮೈಯ ಸುದ್ದಿಯನ್ನು ತಾನೇ ಕೇಳಬೇಕೆಂದು ಹಟ ಹಿಡಿದು, ಹೊಸ ಸೀರೆ ಉಟ್ಟು ಬಸ್ಸಿಗೆ ನನಗಿಂತ ಮೊದಲೇ ಬಂದು ನಿಂತಿದ್ದಳು.

ಅಲ್ಲಿಯ ಡಾಕ್ಟರು ವಯಸ್ಸಾದವರು. ಉಪ್ಪು ಹಾಕಿದವರು ನೀವೇನು ಎಂದು ನಮ್ಮನ್ನು ಒಳಗೇ ಕರೆದರು. ನಾನು ವಿಜ್ಞಾನದ ಟೀಚರ್ ಎಂದು ತಿಳಿದು ಒಂದು ಕುರ್ಚಿ ಎಳೆದು ಕೊಟ್ಟರು. ಅವ್ವ ಕುರ್ಚಿ ಬೇಡವೆಂದು ನನ್ನ ಹಿಂದೆ ನಿಂತಳು. ಡಾಕ್ಟರು ನನ್ನ ಕಡೆ ಬಗ್ಗಿ, ಸಣ್ಣ ದನಿಯಲ್ಲಿ, ಅದು ಕೆಟ್ಟ ಗಡ್ಡೆಯೇ ಎಂದರು. ಬೇಗ ಆಪರೇಷನ್ ಆಗಬೇಕು ಎಂದರು.

ನಾನು ಸಿದ್ಧವಾಗಿಯೇ ಬಂದಿದ್ದೆ. ಉಪ್ಪಿನಿಂದ ಕೋಶ ಸುಕ್ಕಾಗುತ್ತದೆ, ಸುಕ್ಕಾದರೆ ಕೇಂದ್ರ ದೊಡ್ಡದಾಗಿ ಕಾಣುತ್ತದೆ, ನೀವು ನೋಡಿದ್ದು ಉಪ್ಪಿನ ಆಟ ಇರಬೇಕು ಎಂದು ಒಂದೇ ಉಸಿರಿಗೆ ಹೇಳಿದೆ. ಕೆನ್ನೆಯ ಕೋಶ ಉಪ್ಪಿನಲ್ಲಿಟ್ಟು ನೋಡಿದ್ದನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಗಾಜಿನ ಒಂದು ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ನೋಡಿ ಟೀಚರ್ ಎಂದು ಪಕ್ಕಕ್ಕೆ ಸರಿದರು.

ವರ್ಷವರ್ಷವೂ ಮಕ್ಕಳಿಗೆ ಒಂದು ಕಣ್ಣು ಮುಚ್ಚಿ ನೋಡಿ ಎಂದು ಹೇಳಿಕೊಟ್ಟವಳು ನಾನು. ಅವತ್ತು ನನಗೆ ಯಾವ ಕಣ್ಣು ಮುಚ್ಚಬೇಕೆಂದು ತಿಳಿಯಲಿಲ್ಲ. ಮೊದಲು ಅಂಚು ತೋರಿಸಿದರು. ಅಲ್ಲಿ ಕೋಶಗಳು ಒಣಗಿ ಮುದುಡಿ, ಬಿರುಕು ಬಿಟ್ಟ ನೆಲದ ಹಾಗೆ ಇದ್ದವು. ಹರಳು ನೇರವಾಗಿ ತಾಗಿದ ಕಡೆ ಇಷ್ಟು ಉಪ್ಪಿನ ಕೆಲಸ ಎಂದರು. ಆಮೇಲೆ ಪಟ್ಟಿ ಸರಿಸಿ ನಡುವಿನ ಭಾಗ ತೋರಿಸಿದರು. ಔಷಧಿ ನೀರಿಗೆ ಬಿದ್ದ ಕೋಶ ಒಂದು ರಾತ್ರಿಯಲ್ಲಿ ಇದ್ದಂತೆಯೇ ಗಟ್ಟಿಯಾಗುತ್ತದೆ, ಉಪ್ಪು ಬೀಳುವ ಹೊತ್ತಿಗೆ ಅದರ ಪೊರೆಯ ಕೆಲಸ ಮುಗಿದಿತ್ತು, ನೀರನ್ನು ಬಿಡುವುದು ತಡೆಯುವುದು ಜೀವ ಇರುವ ಪೊರೆಗೆ ಮಾತ್ರ ಎಂದರು. ನಾನು ಶಾಲೆಯಲ್ಲಿ ಸುಲಿದದ್ದು ಜೀವಂತ ಉಳ್ಳಾಗಡ್ಡಿ. ಬಾಟಲಿಯಲ್ಲಿದ್ದದ್ದು ಹಾಗಲ್ಲ. ಇದು ನನಗೆ ಗೊತ್ತಿರಬೇಕಾಗಿತ್ತು, ಗೊತ್ತೂ ಇತ್ತು. ವಾರವೆಲ್ಲ ಅದನ್ನು ಬದಿಗೆ ಸರಿಸಿ ಇಟ್ಟಿದ್ದೆ.

ನಡುವಿನ ಭಾಗದಲ್ಲಿ ಸುಕ್ಕಿರಲಿಲ್ಲ. ಗುಲಾಬಿ ಬಣ್ಣದಲ್ಲಿ ನೇರಳೆ ಬೊಟ್ಟುಗಳು. ಒಂದು ಸಣ್ಣದು, ಒಂದು ಅದರ ಮೂರರಷ್ಟು, ಒಂದು ಇಬ್ಭಾಗವಾಗುತ್ತ ಇತ್ತು. ಸಾಲಿಲ್ಲ, ಅಳತೆಯಿಲ್ಲ, ಒಂದರ ಮೇಲೊಂದು ಬಿದ್ದು ತುಂಬಿಕೊಂಡಿದ್ದವು. ಹಲಗೆಯ ಮೇಲೆ ಅಷ್ಟು ವರ್ಷ ಬರೆದ ದುಂಡಗಿನ ಚಿತ್ರ ಅಲ್ಲಿ ಎಲ್ಲೂ ಇರಲಿಲ್ಲ.

ಅವ್ವ ನನ್ನ ಹೆಗಲು ಮುಟ್ಟಿ ಪಕ್ಕಕ್ಕೆ ಸರಿ ಎಂದಳು. ತಾನೂ ನೋಡಬೇಕಂತೆ. ಬೇಡ ಎಂದೆ. ಡಾಕ್ಟರು, ನೋಡಲಿ ಬಿಡ್ರಿ ಎಂದರು. ಅವ್ವ ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ದೂರದ ಬೀಳಿನಲ್ಲಿ ತಪ್ಪಿದ ಕುರಿ ಹುಡುಕುವಾಗ ಮಾಡುವ ಹಾಗೆ ಒಂದು ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದಳು. ನಾನು ಅವಳ ಬೆನ್ನು ನೋಡುತ್ತಿದ್ದೆ.

"ನೇರಳೆ ಬೊಟ್ಟು ಕಾಯಾಂವ ಏನು?" ಅಂದಳು.

ಹೌದು ಎಂದೆ.

"ಕಾಯಾಂವರೇ ತುಂಬ್ಯಾರ. ಬೇಲಿ ಎಲ್ಲ್ಯದ?"

ಡಾಕ್ಟರ ಕಡೆ ತಿರುಗಿ, ಸರ್, ಇನ್ನೊಂದು ಸಲ ನೋಡೋಣ, ಉಪ್ಪು ಇಲ್ಲದೆ ಇನ್ನೊಂದು ಚೂರು ತೆಗೆದು ನೋಡೋಣ, ಉಪ್ಪಿನಿಂದಲೇ ಆಗಿರಬಹುದು ಎಂದೆ. ಅಂಚು ಯಾವುದು, ನಡುವು ಯಾವುದು ಎಂದು ನನ್ನ ಕಣ್ಣಿನಿಂದಲೇ ನೋಡಿದ ಮೇಲೂ ಹಾಗೆ ಎಂದೆ. ನನ್ನ ದನಿ ಎಲ್ಲಿಂದಲೋ ಬಂದ ಹಾಗಿತ್ತು.

ಅವ್ವ ನೆಟ್ಟಗೆ ನಿಂತು ಸೆರಗು ಸರಿ ಮಾಡಿಕೊಂಡಳು.

"ಉಪ್ಪಿನ ಮ್ಯಾಲ ಹಾಕಬ್ಯಾಡ ಯವ್ವಾ," ಅಂದಳು. "ಉಪ್ಪು ಕೆಡಸೂದಿಲ್ಲ. ಕೆಟ್ಟದ್ದು ಮೊದಲೇ ಕೆಟ್ಟಿತ್ತು."

ಡಾಕ್ಟರು ತಲೆ ತಗ್ಗಿಸಿ ಚೀಟಿ ಬರೆಯತೊಡಗಿದರು. ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಡಲೂ ಇಲ್ಲ. ಆಪರೇಷನ್ ಆಯಿತು, ಅವ್ವ ಉಳಿದಳು ಎಂಬುದು ಆಮೇಲಿನ ಮಾತು. ಅವತ್ತು ಆ ಕೋಣೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಆಪರೇಷನ್ನಿಗೆ ಯಾವಾಗ ಬರುತ್ತೀರಿ ಎಂದು ಡಾಕ್ಟರು ಕೇಳಿದಾಗ ಉತ್ತರ ಕೊಟ್ಟವಳು ಅವ್ವ. ಕುರಿಗಳ ಉಣ್ಣೆ ಕತ್ತರಿಸುವುದು ಮುಗಿದಿದೆ, ಮಗನನ್ನು ಸುರಪುರದ ಕಡೆಯಿಂದ ಕರೆಸಿ ಮರಿಗಳನ್ನು ಒಪ್ಪಿಸಿದರೆ ತಾನು ಯಾವತ್ತಿಗಾದರೂ ಸೈ ಎಂದಳು. ದನಿ ಗಟ್ಟಿಯಾಗಿಯೇ ಇತ್ತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಅವ್ವ ಈ ಸಲವೂ ಕಟ್ಟಿ ತಂದಿದ್ದ ಗಂಟು ಬಿಚ್ಚಿ ಒಂದು ರೊಟ್ಟಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಮುರಿದು ಹಾಗೇ ಹಿಡಿದುಕೊಂಡಳು. ಗಂಡ ಸತ್ತಾಗಲೂ, ಕೆನಾಲಿನ ನೀರು ಮರಿಗಳನ್ನು ಸೆಳೆದುಕೊಂಡು ಹೋದಾಗಲೂ ಅವಳು ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ನನ್ನ ಮುಖ ನೋಡದೆ, ರಸ್ತೆಯ ಕಡೆ ನೋಡುತ್ತ ಕೇಳಿದಳು:

"ಅವತ್ತು ನೀ ಸಾಲಿಗೆ ರಜಾ ಹಾಕ್ತಿ ಹೌದಿಲ್ಲೋ?"

ಹಾಕುತ್ತೇನೆ ಎಂದೆ. ಆಗ ಅವಳು ಮುರಿದು ಹಿಡಿದಿದ್ದ ರೊಟ್ಟಿಯನ್ನು ಬಾಯಿಗಿಟ್ಟಳು.